ಕಾಕಾನ ಕಿಸೆಯ ಹತ್ತಿಕಾಳು

ನಮ್ಮ ಕಾಕಾ ದೇವರ ಮುಂದೆ ಚಾಡಿ ಹೇಳುವುದರಲ್ಲಿ ತಾಲೂಕಿಗೇ ಮೊದಲಿಗ. ಉಳಿದವರು ಊರಿನ ಚಾಡಿಯನ್ನು ಅಗಸಿ ಕಟ್ಟೆಯ ಮೇಲೆ ಹೇಳುತ್ತಾರೆ, ಚಹಾದ ಅಂಗಡಿಯಲ್ಲಿ ಹೇಳುತ್ತಾರೆ, ತೀರ ಸಿಟ್ಟು ಬಂದರೆ ಪೊಲೀಸ್ ಠಾಣೆಗೆ ಹೋಗಿ ಹೇಳುತ್ತಾರೆ. ಕಾಕಾ ಮಾತ್ರ ಸೀದಾ ಮೇಲಿನವನಿಗೇ ಹೇಳುತ್ತಿದ್ದ. ಅದೂ ರವಿವಾರ, ಚರ್ಚಿನಲ್ಲಿ, ಎಲ್ಲರೂ ಕಣ್ಣು ಮುಚ್ಚಿ ಕೈಜೋಡಿಸಿ ಕುಳಿತಾಗ, ಗಟ್ಟಿ ದನಿಯಲ್ಲಿ, ಹೆಸರು, ಓಣಿ, ಮನೆಯ ಗುರುತು ಸಮೇತ!

ಅವನು ತೀರಿಕೊಂಡು ನಾಲ್ಕು ತಿಂಗಳಾಯಿತು. ಎಲ್ಲರ ಹೆಸರನ್ನೂ ಹೇಳಿದವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ, ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಕಾಕಾ ಎಂದರೆ ಸಾಕು. ನನ್ನ ಅಪ್ಪನ ತಮ್ಮ. ಅಣ್ಣಿಗೇರಿಯಲ್ಲಿ ಹತ್ತಿಯಿಂದ ಕಾಳು ಬೇರೆ ಮಾಡುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸ. ಸಂಜೆ ಸೈಕಲ್ ಹೊಡೆದುಕೊಂಡು ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ ಅರಳೆ ಮೆತ್ತಿಕೊಂಡು, ಮೂವತ್ತೈದರ ಮನುಷ್ಯ ಎಪ್ಪತ್ತರವನಂತೆ ಕಾಣುತ್ತಿದ್ದ. ಎಪ್ಪತ್ತು ಮುಟ್ಟುವ ಯೋಗ ಅವನಿಗಿರಲಿಲ್ಲ, ಅದು ಬೇರೆ ಮಾತು.

ನಮ್ಮೂರ ಅಂಚಿಗೆ ನಮ್ಮ ಓಣಿ. ಕ್ರೈಸ್ತರ ಹನ್ನೊಂದು ಮನೆ, ಹಂಚು ಹೊದಿಸಿದ ಒಂದು ಸಣ್ಣ ಚರ್ಚು. ಸಭೆ ನಡೆಸಲು ಹೊರಗಿನಿಂದ ಕಳಿಸಿಕೊಟ್ಟ ಬೋಧಕರನ್ನು ನಾವು ಉಪದೇಶಿಗಳು ಎನ್ನುತ್ತಿದ್ದೆವು. ಆರಾಧನೆಯ ಕೊನೆಗೆ ಅವರು "ಯಾರಾದರೂ ಪ್ರಾರ್ಥನೆ ಮಾಡಬಹುದು" ಎನ್ನುವುದು ಪದ್ಧತಿ. ಬೇರೆ ಊರಲ್ಲಿ ಒಂದಿಬ್ಬರು ಎದ್ದು ಮಳೆ, ಬೆಳೆ, ಆರೋಗ್ಯ ಎಂದು ಮುಗಿಸುತ್ತಾರೆ. ನಮ್ಮಲ್ಲಿ ಕಾಕಾ ಏಳುತ್ತಿದ್ದ. ಅವನು ಎದ್ದನೆಂದರೆ ಹೆಂಗಸರು ಒಲೆಯ ಮೇಲೆ ಇಟ್ಟು ಬಂದ ಬೇಳೆಯ ಆಸೆ ಬಿಡುತ್ತಿದ್ದರು.

"ಕರ್ತಾ, ಮುಂಜಾನಿ ಬಸ್ಸಿನ ಕಂಡಕ್ಟರ. ದಪ್ಪ ಮೀಸಿ, ಮನಿ ನವಲಗುಂದದಾಗ ನೀರಿನ ಟಾಕಿ ಹಿಂದ. ಮುದುಕ್ರು ಓಡಿ ಬರೂದು ಕಂಡರೂ ಸೀಟಿ ಊದಿ ಬಸ್ ಬಿಡಿಸ್ತಾನ. ಆದರ ಅವನ ಸಲುವಾಗೂ ನೀ ಪ್ರಾಣ ಬಿಟ್ಟೀದಿ. ಮರೀಬ್ಯಾಡ."

"ಕರ್ತಾ, ನಮ್ಮ ಸಾಲಿ ಹೆಡ್ ಮಾಸ್ತರ್ರು. ತಿರ್ಲಾಪುರದವರು, ಬಿಳಿ ಟೊಪ್ಪಿಗಿ. ಮಧ್ಯಾಹ್ನ ಮಗ್ಗಿ ಹೇಳ್ರೀ ಅಂತ ಹುಡುಗೂರಿಗೆ ಹೇಳಿ ತಾವು ಗೊರಕಿ ಹೊಡೀತಾರ. ಅವರ ಸಲುವಾಗೂ ನೀ ಪ್ರಾಣ ಬಿಟ್ಟೀದಿ. ಮರೀಬ್ಯಾಡ."

ಹೀಗೆ ಮೂವತ್ತು, ನಲವತ್ತು ಜನ. ಮೊದಲು ಹೆಸರು (ಅವನ್ನು ನಾನಿಲ್ಲಿ ಬಿಟ್ಟಿದ್ದೇನೆ), ಮನೆಯ ಪತ್ತೆ, ಆಮೇಲೆ ದೂರು, ಕೊನೆಗೆ "ಮರೀಬ್ಯಾಡ". ದೇವರಿಗೆ ಮರೆವಿನ ರೋಗವಿದೆಯೇನೋ ಎಂದು ಕೇಳುವವರಿಗೆ ಅನುಮಾನ ಬರಬೇಕು!

"ಎಲ್ಲಾರನ್ನೂ ಕಾಪಾಡು ಅಂತ ಒಂದ ಮಾತಿನ್ಯಾಗ ಅಂದ್ರ ಆಗಂಗಿಲ್ಲೇನು?" ಎಂದು ನಾನೊಮ್ಮೆ ಕೇಳಿದೆ.

"ಎಲ್ಲಾರು ಅಂದ್ರ ಯಾರದೂ ಮಾರಿ ಕಾಣಂಗಿಲ್ಲ" ಎಂದ ಕಾಕಾ. "ಬರೇ ಊರ ಹೆಸರು ಬರದ ಕಾರ್ಡು ಪೋಸ್ಟಿನ್ಯಾಗ ಹಾಕಿ ನೋಡು, ಮುಟ್ಟತೈತೇನು?"

"ಮತ್ತ ಅವರ ಖೋಡಿ ಯಾಕ ಹೇಳಬೇಕು? ಚಲೋದು ಹೇಳು."

"ಚಲೋ ಗುಣ ಎಲ್ಲಾರದೂ ಒಂದ ನಮೂನಿ ಇರ್ತಾವ. ಮನಶ್ಯಾನ ಗುರುತು ಹತ್ತೂದು ಖೋಡಿಯಿಂದ."

"ನಿನ್ನ ಹೆಸರು ಎಂದೂ ಹೇಳಂಗಿಲ್ಲಲ್ಲ?"

"ನಂದು ಬ್ಯಾರೇದವರು ಹೇಳಬೇಕು. ತನ್ನದು ತಾನ ಹೇಳಿಕೊಂಡ್ರ ಅದು ಪ್ರಾರ್ಥನಿ ಅಲ್ಲ, ಅರ್ಜಿ."

ಇಷ್ಟು ಜನರನ್ನು ನೆನಪಿಡುವುದು ಹೇಗೆ? ಅಲ್ಲಿ ಹತ್ತಿಕಾಳು ಬಂತು. ವಾರವಿಡೀ ಯಾರಾದರೂ ಮನಸ್ಸಿಗೆ ನಾಟಿದರೆ ಕಾಕಾ ಒಂದು ಹತ್ತಿಕಾಳನ್ನು ಅಂಗಿಯ ಎಡಗಿಸೆಗೆ ಹಾಕುತ್ತಿದ್ದ. ರವಿವಾರ ಪ್ರಾರ್ಥನೆಯಲ್ಲಿ ಒಂದು ಹೆಸರು ಹೇಳುವುದು, ಒಂದು ಕಾಳನ್ನು ಬಲಗಿಸೆಗೆ ಸರಿಸುವುದು. ಯಾವ ಕಾಳು ಯಾರು ಎಂದು ಅವನಿಗೆ ಬೆರಳಿನಿಂದಲೇ ಗೊತ್ತಾಗುತ್ತಿತ್ತಂತೆ. ನಮಗೆ ಎಲ್ಲ ಒಂದೇ ಥರ ಕಾಣುತ್ತಿದ್ದವು. ಒಮ್ಮೆ ಶನಿವಾರ ಅಂಗಿಯನ್ನು ಗೋದಲಿಯ ಮೇಲೆ ತೂಗುಹಾಕಿ ಸ್ನಾನಕ್ಕೆ ಹೋದ. ಹತ್ತಿಕಾಳೆಂದರೆ ಎಮ್ಮೆಗೆ ಪಂಚಪ್ರಾಣ ಎಂಬುದು ಯಾರಿಗೆ ಗೊತ್ತಿಲ್ಲ? ತಿರುಗಿ ಬರುವುದರೊಳಗೆ ನಮ್ಮ ಎಮ್ಮೆ ಕಿಸೆಯ ಸಮೇತ ಆ ವಾರದ ಪಟ್ಟಿಯಲ್ಲಿದ್ದ ಶಲವಡಿ ಊರನ್ನು ಪೂರ್ತಿ ತಿಂದು, ನವಲಗುಂದಕ್ಕೆ ಬಾಯಿ ಹಾಕಿತ್ತು. ಕಾಕಾ ಒದ್ದೆ ಮೈಯಲ್ಲೇ ಎಮ್ಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಹೊಟ್ಟೆ ಸೇರಿದವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಳ್ಳಲು ಹೆಣಗುತ್ತಿದ್ದ. ಮರುದಿನ ಪ್ರಾರ್ಥನೆಯಲ್ಲಿ ಹೇಳಿದ: "ಕರ್ತಾ, ಏಳು ಮಂದಿ ನೆನಪಾಗವಲ್ರು. ಎಮ್ಮಿಗೆ ಗೊತ್ತದ, ನಿನಗೂ ಗೊತ್ತದ. ಅವರ ಸಲುವಾಗೂ ನೀ ಪ್ರಾಣ ಬಿಟ್ಟೀದಿ."

ಈ ಪಟ್ಟಿಯಲ್ಲಿ ಮೊದಲ ಹೆಸರು ಮಾತ್ರ ಎಂದೂ ಬದಲಾಗಲಿಲ್ಲ. ಅದು ನನ್ನ ಅವ್ವನದು.

ಅವ್ವ ಶಿವಭಕ್ತರ ಮನೆಯ ಮಗಳು. ಅಪ್ಪನನ್ನು ಮೆಚ್ಚಿ ನಮ್ಮ ಓಣಿಗೆ ಬಂದಾಗ ಅವಳ ತಾಯಿ ಹಿಂದೆಯೇ ಬಂದಳಂತೆ. ಬೈಯಲಿಲ್ಲ, ಅಳಲಿಲ್ಲ. "ಕೊಳ್ಳಾಗಿನ ಲಿಂಗಾ ಒಂದು ತಗೀಬ್ಯಾಡವಾ" ಎಂದು ಕೈಹಿಡಿದು ಮಾತು ತೆಗೆದುಕೊಂಡು ಹೋದಳು. ಅವ್ವ ಮಾತು ಕೊಟ್ಟಳು, ಅಪ್ಪ ಒಪ್ಪಿದ. ಆದರೆ ಲಿಂಗ ತೆಗೆಯದೆ ದೀಕ್ಷಾಸ್ನಾನ ಕೊಡಲು ಬರುವುದಿಲ್ಲ ಎಂದರು ಸಭೆಯ ಹಿರಿಯರು. ಒಳಗೆ ಕೂರಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಆದರೆ ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ಎಲ್ಲರ ಮುಂದೆ ನಿಂತು, ತನ್ನೊಬ್ಬಳನ್ನು ದಾಟಿ ಮುಂದೆ ಹೋಗುವುದನ್ನು ಎಷ್ಟು ಸಲ ನೋಡುವುದು? ಅವ್ವ ಹೊರಗೆ, ಚಪ್ಪಲಿ ಬಿಡುವ ಕಟ್ಟೆಯ ಮೇಲೆ ಕೂರತೊಡಗಿದಳು. ಶನಿವಾರ ಚರ್ಚಿನ ಕಸ ಹೊಡೆಯುವವಳೂ ಅವಳೇ, ರವಿವಾರ ಹೊರಗೆ ಕೂರುವವಳೂ ಅವಳೇ. ನನಗೆ ಆರು ವರ್ಷವಿದ್ದಾಗ ಅಪ್ಪ ಸತ್ತ. ಚರ್ಚಿನ ಹಿಂದಿನ ಮಣ್ಣಿನಲ್ಲಿ ಅವನನ್ನು ಇಟ್ಟರು. ಕಾಕಾ ಮದುವೆಯ ಮಾತನ್ನೇ ಬಿಟ್ಟು ನಮ್ಮಿಬ್ಬರನ್ನು ಸಾಕಿದ.

ಅವನಿಗೆ ಹತ್ತಿದ್ದ ಚಿಂತೆ ಒಂದೇ. ಅಣ್ಣ ಅಲ್ಲಿ ಪರಲೋಕದ ಒಳಗೆ ಹೋಗಿ ಕೂತಿದ್ದಾನೆ. ನಾಳೆ ವೈನಿ, ಅಂದರೆ ಅಣ್ಣನ ಹೆಂಡತಿ, ಹೋದಾಗ ಅಲ್ಲಿಯೂ ಅವಳನ್ನು ಚಪ್ಪಲಿ ಕಟ್ಟೆಯ ಮೇಲೆ ಕೂರಿಸಿಬಿಟ್ಟರೆ?

ಆದ್ದರಿಂದ ಮೊದಲ ಕಾಳು ಅವಳದು. "ಕರ್ತಾ, ನಮ್ಮ ವೈನಿ. ಹೊರಗ ಚಪ್ಪಲಿ ಹಂತ್ಯಾಕ ಕುಂತಾಳ. ಅಗದಿ ಹಟಮಾರಿ. ಉಪ್ಪಿಟ್ಟಿಗೆ ಉಪ್ಪು ಹಾಕೂದು ಮರೀತಾಳ. ಇಕಿ ಸಲುವಾಗೂ ನೀ ಪ್ರಾಣ ಬಿಟ್ಟೀದಿ. ಮರೀಬ್ಯಾಡ."

ಸಭೆಯೆಲ್ಲ ಕಣ್ಣು ಮುಚ್ಚಿದ ಆ ನಿಶ್ಶಬ್ದದಲ್ಲಿ ಹೊರಗಿನಿಂದ ಅವ್ವನ ದನಿ ಬರುತ್ತಿತ್ತು: "ಉಪ್ಪಿಟ್ಟು ತಿನ್ನೂ ಮುಂದ ಬಾಯಿ ಮುಚ್ಚಿಕೊಂಡು ತಿಂದು, ಇಲ್ಲಿ ಬಂದು ಹೇಳ್ತಾನ ನೋಡ್ರಿ."

ಕಾಕಾನ ಪ್ರಾರ್ಥನೆಯಿಂದ ಊರಿಗೆ ಲಾಭವೂ ಆಗಿತ್ತು. ಒಂದು ರವಿವಾರ ಅವನು ಬೇಡಿಕೊಂಡ: "ಕರ್ತಾ, ನಮ್ಮ ಹಿರಿಯರ ಕಣದಾಗಿನ ಹತ್ತಿ ಅಂಡಿಗಿ ಕದ್ದಾಂವ. ಅಗಸಿ ಬಾಜೂಕಿನ ಮನಿ. ಅಂಡಿಗಿ ಅತ್ತಿ ಮನಿ ಅಟ್ಟದ ಮ್ಯಾಲ ಇಟ್ಟಾನ. ಹೊಟ್ಟಿ ಸಲುವಾಗಿ ಮಾಡ್ಯಾನ. ಅವನ ಸಲುವಾಗೂ ನೀ..." ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರು ಒಂದು ಕಣ್ಣು ತೆರೆದಿದ್ದರು. ಆಮೆನ್ ಎನ್ನುವುದರೊಳಗೆ ಅವರು ಅಗಸಿ ದಾಟಿದ್ದರು. ಕದ್ದವನು ಮರುದಿನ ಜಗಳಕ್ಕೆ ಬಂದ.

"ಏ ಮಾರಾಯಾ, ನನ್ನ ಮ್ಯಾಲ ಪೊಲೀಸರಿಗೆ ಹೇಳಿದ್ರ ಪಾಡಿತ್ತು. ದೇವರಿಗೆ ಯಾಕ ಹೇಳಿದಿ?"

"ನಿನ್ನ ಪರವಾಗಿ ಹೇಳೀನಲೇ. ಪೂರ್ತಿ ಕೇಳಿಸಿಕೊಂಡವರು ಯಾರಿಲ್ಲ, ಅದಕ್ಕ ನಾ ಏನ್ ಮಾಡಲಿ?"

ಆಮೇಲೆ ತುರ್ತು ಪರಿಸ್ಥಿತಿ ಬಂತು. ಆ ಕಾಲದಲ್ಲಿ ಹಳ್ಳಿಗೆ ಪರವೂರಿನ ಗಂಡಸೊಬ್ಬ ಬಂದು "ನಿಮ್ಮ ಹೆಸರೇನು? ಮಕ್ಕಳೆಷ್ಟು?" ಎಂದರೆ ಅದರ ಅರ್ಥ ಒಂದೇ. ಕುಟುಂಬ ಯೋಜನೆಯವರು! ಜೀಪಿನಲ್ಲಿ ಹಾಕಿಕೊಂಡು ಹೋಗಿ ಆಪರೇಶನ್ ಮಾಡಿಬಿಡುತ್ತಾರೆ ಎಂಬ ಹೆದರಿಕೆ. ಕಾಕಾನಿಗೆ ಇದರ ಪರಿವೆಯೇ ಇಲ್ಲ. ಫ್ಯಾಕ್ಟರಿಗೆ ರಜೆಯಿದ್ದ ಒಂದು ದಿನ, ಎಮ್ಮೆ ತಿಂದ ಶಲವಡಿಯವರನ್ನು ಮತ್ತೆ ಹೊಂದಿಸಿಕೊಳ್ಳೋಣವೆಂದು ಸೈಕಲ್ ಹತ್ತಿ ಹೋದ. ಬಿಳಿ ಅಂಗಿ, ಕಿಸೆಯಲ್ಲಿ ಕಾಳು. ಕಟ್ಟೆಯ ಮೇಲಿದ್ದವನನ್ನು ಕೇಳಿದ: "ನಿಮ್ಮ ಹೆಸರೇನ್ರಿ? ಮನಿ ಯಾವ ಓಣಿ?" ಹೇಳಿದ ಕೂಡಲೆ ಬಲಗಿಸೆಯಿಂದ ಒಂದು ಕಾಳು ತೆಗೆದು ಎಡಗಿಸೆಗೆ ಹಾಕಿದ. ಎರಡನೆಯವನನ್ನು ಕೇಳಿದ, ಇನ್ನೊಂದು ಕಾಳು. ಮೂರನೆಯವನು ಉತ್ತರ ಕೊಡಲಿಲ್ಲ, ಓಡಿದ. ಅವನ ಹಿಂದೆ ಕಟ್ಟೆಯೇ ಎದ್ದು ಓಡಿತು. ಕಾಲು ಗಂಟೆಯಲ್ಲಿ ಶಲವಡಿಯ ಗಂಡಸರೆಲ್ಲ ಜೋಳದ ಹೊಲ ಸೇರಿದ್ದರು.

ಕಾಕಾ ಹೊಲದ ಬದುವಿನ ಮೇಲೆ ನಿಂತು ಕೂಗಿದ: "ಹೆದರಬ್ಯಾಡ್ರೋ, ನಿಮ್ಮ ಸಲುವಾಗಿ ಒಬ್ಬಾಂವ ಪ್ರಾಣ ಬಿಟ್ಟಾನ."

ಜೋಳದ ನಡುವಿನಿಂದ ಒಂದು ದನಿ ಕೇಳಿತು: "ಆಪರೇಶನ್ ಆದ ಮ್ಯಾಲ ಬಿಟ್ಟನೋ, ಆಗೂ ಮುಂದ ಬಿಟ್ಟನೋ?"

ಆ ದಿನ ಕಾಕಾ ಸೈಕಲ್ಲನ್ನು ಕೈಯಲ್ಲಿ ದೂಡಿಕೊಂಡು ಬಂದ. ಎರಡೂ ಗಾಲಿಯ ಗಾಳಿ ಯಾರೋ ಬಿಟ್ಟಿದ್ದರು. ರವಿವಾರ ಅವರ ಸರದಿಯೂ ಬಂತು: "ಗಾಳಿ ಬಿಟ್ಟಾಂವ ಯಾರಂತ ನನಗ ಗೊತ್ತಿಲ್ಲ ಕರ್ತಾ. ಅವನ ಸಲುವಾಗೂ."

ಹಳೆಯ ಉಪದೇಶಿಗಳು ಇದನ್ನೆಲ್ಲ ತೂಕಡಿಸುತ್ತ ಸಹಿಸಿದ್ದರು. ಅವರು ಹೋಗಿ ಹೊಸಬರು ಬಂದರು. ಕುಂದಗೋಳದ ಕಡೆಯವರು, ಮೂವತ್ತರ ಒಳಗಿನ ವಯಸ್ಸು, ಒಂದು ಟ್ರಂಕಿನ ತುಂಬ ಪುಸ್ತಕ. ಒಳ್ಳೆಯ ಮನುಷ್ಯ. ಅದನ್ನು ಈಗಲೇ ಹೇಳಿಬಿಡುತ್ತೇನೆ. ನನಗೆ ವಿಷಮಜ್ವರ ಬಂದಾಗ ಅಣ್ಣಿಗೇರಿಗೆ ನಡೆದುಹೋಗಿ ಔಷಧ ತಂದವರು ಅವರೇ. ಆದರೆ ಅವರು ನಂಬಿದ್ದು ಗಟ್ಟಿ. ಕ್ರಿಸ್ತನು ಪ್ರಾಣ ಕೊಟ್ಟದ್ದು ದೇವರು ಮೊದಲೇ ಆರಿಸಿಕೊಂಡವರಿಗಾಗಿ, ಸಿಕ್ಕಸಿಕ್ಕವರಿಗಾಗಿ ಅಲ್ಲ ಎಂಬುದು ಅವರ ಮಾತು. ಮೊದಲ ರವಿವಾರ ಕಾಕಾನ ಪ್ರಾರ್ಥನೆ ಕೇಳಿದರು. ಎರಡನೆಯ ರವಿವಾರ ಕೇಳಿದರು. ಮೂರನೆಯ ವಾರ ನಮ್ಮ ಮನೆಗೆ ಬಂದರು.

"ನೀವು ಎಲ್ಲಾರ ಸಲುವಾಗಿ ಬೇಡಿಕೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ" ಎಂದರು ಉಪದೇಶಿಗಳು. "ಅವರ ಮನಸ್ಸು ತಿರುಗಲಿ ಅನ್ರಿ. ಆದರ ಇವನ ಸಲುವಾಗೂ ನೀ ಸತ್ತೀದಿ ಅಂತ ನೀವ ಹೇಳಿಬಿಟ್ರ ಹೆಂಗ್ರಿ? ಅದು ನಿಮಗ ಹೆಂಗ ಗೊತ್ತು?"

"ನಿಮಗ ಇಲ್ಲಂತ ಹೆಂಗ ಗೊತ್ತ್ರಿ?"

"ವಿಚಾರ ಮಾಡ್ರಿ. ಎಲ್ಲಾರ ಸಲುವಾಗಿ ಸತ್ತ, ಆದರ ಎಲ್ಲಾರೂ ಉಳೀಲಿಲ್ಲ ಅಂದ್ರ, ಅವನ ಸಾವು ಎಷ್ಟೋ ಮಂದಿ ಪಾಲಿಗೆ ದಂಡ ಆತಲ್ರಿ? ಕರ್ತನ ಕೆಲಸ ಅರ್ಧಕ್ಕ ನಿಂತೀತೇನ್ರಿ? ಅಂವ ಯಾರ ಸಲುವಾಗಿ ಸತ್ತಾನೋ ಅವರೊಳಗ ಒಬ್ಬಾಂವನೂ ಕೈ ತಪ್ಪಂಗಿಲ್ಲ. ಅದರಾಗ ಎಷ್ಟು ಸಮಾಧಾನ ಐತಿ ನೋಡ್ರಿ."

ಕಾಕಾ ಬಾಗಿಲ ಕಡೆ ನೋಡಿದ. ಅಲ್ಲಿ ಅವ್ವ ಚಹಾದ ಬಟ್ಟಲು ಹಿಡಿದು ನಿಂತಿದ್ದಳು.

"ನನ್ನ ಸಲುವಾಗಿ ಸತ್ತಾನೋ ಇಲ್ಲೋ ಅಂತ ನನ್ನ ಮನ್ಯಾಗ ಕುಂತು ಮಾತಾಡ್ತೀರಿ" ಎಂದಳು ಅವ್ವ. "ಮೊದಲು ಚಾ ಕುಡೀರಿ, ಆರತೈತಿ. ಅದು ಮಾತ್ರ ಇಬ್ಬರ ಸಲುವಾಗೂ ಮಾಡೀನಿ."

ಕಾಕಾ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಉಪದೇಶಿಗಳು ಹೇಳಿದ್ದು ಅವನನ್ನು ನಿಜವಾಗಿಯೂ ಕೊರೆಯುತ್ತಿತ್ತು. ಅಣ್ಣನ ಪಕ್ಕದಲ್ಲಿ ವೈನಿಗೆ ಜಾಗ ಉಂಟೋ ಇಲ್ಲವೋ ಎಂಬುದು ಅವನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲವಲ್ಲ. ನಾಲ್ಕನೆಯ ದಿನ ಉಪದೇಶಿಗಳು ತಾವಾಗಿ ಫ್ಯಾಕ್ಟರಿಯ ಹತ್ತಿರ ಬಂದರಂತೆ. ಹತ್ತಿ ಒಂದು ಕಡೆ ಹೋಗಿ, ಅರಳೆ ಒಂದು ಕಡೆ, ಕಾಳು ಒಂದು ಕಡೆ ಬೀಳುವುದನ್ನು ನೋಡಿ, "ನೋಡ್ರಿ, ನೀವ ದಿನಾ ಮಾಡೂದು ಇದನ್ನ. ಬ್ಯಾರೆ ಮಾಡೂದು. ದೇವರೂ ಇದನ್ನ ಮಾಡ್ತಾನ" ಎಂದರಂತೆ.

ಕಾಕಾನ ಮುಖ ಅರಳಿತು. "ಹೌದ್ರಿ. ಆದರ ನಾವು ಯಾವುದನ್ನೂ ಹೊರಗ ಒಗೆಯಂಗಿಲ್ರಿ. ಅರಳಿ ಮುಂಬೈಕ ಹೋಗ್ತದ, ಕಾಳು ಎಮ್ಮಿಗೆ ಹೋಗ್ತದ. ಎರಡಕ್ಕೂ ಗಿರಾಕಿ ಅದಾವು."

"ಹಂಗಲ್ರಿ..."

"ಮತ್ತ ಕೆಲಸ ಅರ್ಧಕ್ಕ ನಿಂತತಿ ಅಂದ್ರಲ್ಲ ಅವತ್ತು? ಫ್ಯಾಕ್ಟರಿ ಇನ್ನೂ ಬಂದ್ ಆಗಿಲ್ರಿ. ಒಳಗ ಸಪ್ಪಳ ಕೇಳವಲ್ದೇನು? ನಡುವ ಬಂದು ಅರ್ಧಾ ಆತು ಅಂದ್ರ ಹೆಂಗ?"

ಸಂಜೆ ಮನೆಗೆ ಬಂದು ಎಂಟು ರೊಟ್ಟಿ ತಿಂದ. ಮೂರು ದಿನದ ಬಾಕಿ ಸೇರಿಸಿ ಎಂದು ಕಾಣುತ್ತದೆ.

ಆದರೆ ಉಪದೇಶಿಗಳು ಬಿಡುವವರಲ್ಲ. ಅವರು ಹಿರಿಯರನ್ನು ಕೂರಿಸಿ ತೀರ್ಮಾನ ಹೇಳಿಸಿದರು. ಕಾಕಾ ಸಭೆಯಲ್ಲಿ ಪ್ರಾರ್ಥನೆ ಮಾಡಬಹುದು, "ಪ್ರಾಣ ಬಿಟ್ಟೀದಿ" ಎಂಬ ಆ ಒಂದು ಮಾತನ್ನು ಮಾತ್ರ ಸಭೆಯ ಹೊರಗಿನವರ ಬಗ್ಗೆ ಆಡಕೂಡದು. ಆಡುವುದಾದರೆ ಎದ್ದು ನಿಲ್ಲಕೂಡದು. ಕಾಕಾ "ಆತ್ರಿ" ಎಂದ. ಮುಂದಿನ ರವಿವಾರ ಉಪದೇಶಿಗಳು "ಯಾರಾದರೂ ಪ್ರಾರ್ಥನೆ ಮಾಡಬಹುದು" ಎಂದಾಗ ಅವನು ಎದ್ದ. ಕಾಕಾ ಸೀದಾ ಬಾಗಿಲು ದಾಟಿ, ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು, ಅವ್ವನ ಬಾಜೂಕ್ಕೆ ಕಟ್ಟೆಯ ಮೇಲೆ ಕುಳಿತ.

"ಯಾಕಪಾ ಮೈದುನಾ, ಹೊರಗ ಹಾಕಿದ್ರೇನು?"

"ಇಲ್ಲ ವೈನಿ. ಒಳಗ ಸೆಕಿ."

"ಸರದು ಕುಂಡ್ರು, ಹಿರಿಯರ ಚಪ್ಪಲಿ ಮ್ಯಾಲ ಕುಂತೀದಿ."

ಅಲ್ಲಿಯೇ ಅವನು ಮೆಲ್ಲಗೆ ಶುರುಮಾಡಿದ. ಆದರೆ ಹತ್ತಿಯ ಧೂಳು ಕುಡಿದ ಎದೆಗೆ ಮೆಲ್ಲಗೆ ಎಂಬುದು ಗೊತ್ತಿರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ಕೇಳುತ್ತಿತ್ತು. ತಮ್ಮ ಹೆಸರು ಬರುತ್ತದೆಯೇ ಎಂದು ಜನ ನಿಲ್ಲತೊಡಗಿದರು. ತನ್ನ ಬಗ್ಗೆ ಏನು ದೂರು ಹೇಳುತ್ತಾನೆ ಎಂದು ತಿಳಿಯುವ ಆಸೆ ಯಾರಿಗಿಲ್ಲ? ಹೆಡ್ ಮಾಸ್ತರರು ಕೊಡೆ ಹಿಡಿದು ಬಂದರು. ಅಂಡಿಗೆ ಕದ್ದವನು ಬಂದು ಬೇವಿನ ಮರಕ್ಕೆ ಆತು ನಿಂತ. ಅವನ ಹೆಸರು ಒಂದು ವಾರ ತಪ್ಪಿದರೆ ಆಕ್ಷೇಪಣೆ ತೆಗೆಯುತ್ತಿದ್ದ: "ಯಾಕ, ನಾ ಈಗ ಕಳವು ಬಿಟ್ಟೀನಂತ ನನ್ನ ಬಿಟ್ಟಿಯೇನು?" ಎರಡು ತಿಂಗಳಲ್ಲಿ ಚರ್ಚಿನ ಒಳಗಿದ್ದವರಿಗಿಂತ ಚಪ್ಪಲಿ ಕಟ್ಟೆಯ ಸುತ್ತ ಜನ ಹೆಚ್ಚಾದರು. ಚಪ್ಪಲಿಗಳಿಗೇ ಜಾಗವಿಲ್ಲದೆ, ಅವನ್ನು ಒಳಗೆ ತೆಗೆದಿಡಬೇಕಾಯಿತು!

ಒಂದು ರವಿವಾರ ಎಲ್ಲರೂ ಹೋದ ಮೇಲೆ ಉಪದೇಶಿಗಳು ಹೊರಬಂದರು. ಚಪ್ಪಲಿ ಮೆಟ್ಟಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಅವ್ವ ಕಸಬರಿಗೆ ಹಿಡಿದಿದ್ದಳು, ನಾನು ಚಾಪೆ ಸುತ್ತುತ್ತಿದ್ದೆ. ಕಾಕಾ ಕೆಮ್ಮುತ್ತ ಕಟ್ಟೆಯ ಮೇಲೇ ಕೂತಿದ್ದ.

"ನನ್ನ ಮಾತು ನಾ ಬಿಡಂಗಿಲ್ರಿ" ಎಂದರು ಉಪದೇಶಿಗಳು.

"ಬಿಡಬ್ಯಾಡ್ರಿ. ಯಾರು ಬಿಡು ಅಂದ್ರು?"

ಉಪದೇಶಿಗಳು ನೆಲ ನೋಡುತ್ತ ಹೇಳಿದರು: "ನಮ್ಮಣ್ಣ ಒಬ್ಬಾಂವ ಅದಾನ್ರಿ. ಅದಾನೋ ಇಲ್ಲೋ. ಸಭಾ ಬಿಟ್ಟ, ಮನಿ ಬಿಟ್ಟ. ಒಂಬತ್ತು ವರ್ಷ ಆತು."

ಕಾಕಾ ಕಿಸೆಗೆ ಕೈಹಾಕಿದ. "ಪತ್ತೆ?"

"ಗೊತ್ತಿಲ್ರಿ."

"ಖೋಡಿ ಏನು?"

ಉಪದೇಶಿಗಳಿಗೆ ಅದನ್ನು ಹೇಳುವುದು ಸುಲಭವಿರಲಿಲ್ಲ. "ಕುಡೀತಾನ್ರಿ. ಅವ್ವನ ಮ್ಯಾಲ ಕೈ ಮಾಡಿದ್ದ. ನಾನ ಅವನ್ನ ಮನಿ ಬಿಟ್ಟು ಹೋಗು ಅಂದಿದ್ದೆ."

ಕಾಕಾ ಒಂದು ಕಾಳು ಆರಿಸಿ ಎಡಗಿಸೆಗೆ ಹಾಕಿದ. "ಆತು. ನೀವು ನಿಮ್ಮ ಮಾತು ಇಟ್ಕೊಳ್ರಿ, ಕಾಳು ನಾ ಇಟ್ಕೋತೀನಿ" ಎಂದ.

ಆ ಮೇಲೆಯೂ ಅವರಿಬ್ಬರ ವಾದ ನಿಲ್ಲಲಿಲ್ಲ. ಕಾಕಾನಿಗೆ ಒಳಗೆ ಪ್ರಾರ್ಥನೆಯ ಅಪ್ಪಣೆ ಸಿಗಲಿಲ್ಲ, ಉಪದೇಶಿಗಳು ಒಳಗೆ ತಮ್ಮ ಮಾತನ್ನೇ ಹೇಳಿದರು. ಆದರೆ ಅವರ ಆರಾಧನೆ ದಿನದಿನಕ್ಕೆ ಬೇಗ ಮುಗಿಯತೊಡಗಿತು. ಕೊನೆಯ ಹಾಡಾದ ಮೇಲೆ ಅವರು ಬಾಗಿಲ ಹತ್ತಿರ ಬಂದು, ಹೊಸ್ತಿಲ ಒಳಗೇ ನಿಂತು, ಹೊರಗೆ "ಪತ್ತೆ ಇಲ್ಲದಾಂವ" ಬರುವವರೆಗೆ ಕಾಯುತ್ತಿದ್ದರು.

ಕೆಮ್ಮು ಕಾಕಾನನ್ನು ಮಲಗಿಸಿತು. ಅರಳೆಯ ಧೂಳು ಎದೆಯಲ್ಲಿ ಕೂತಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಹಾಸಿಗೆಯಲ್ಲೂ ಅಂಗಿ ತೆಗೆಯಲು ಬಿಡುತ್ತಿರಲಿಲ್ಲ, ಕಿಸೆಯಲ್ಲಿ ಮಂದಿ ಇದ್ದಾರೆ ಎನ್ನುತ್ತಿದ್ದ. ಅವ್ವ ಗಂಜಿ ಕುಡಿಸುತ್ತ ಒಂದು ದಿನ ಕೇಳಿದಳು: "ಇಷ್ಟು ಮಂದೀದು ಹೇಳೀದಿ. ಈಗರೆ ನಿಂದೊಂದು ಹೇಳ್ಕೊ."

"ನನಗ ನಾ ಹೆಂಗ ಹೇಳ್ಕೊಳ್ಳಲಿ ವೈನಿ? ನನ್ನ ಖೋಡಿ ನನಗ ಗೊತ್ತಿಲ್ಲ."

"ನನಗ ಗೊತ್ತು. ಕುಂತು ಹೇಳಿದ್ರ ಬೆಳಗಾಗತೈತಿ."

ಕಾಕಾ ನಕ್ಕ. ನಕ್ಕದ್ದಕ್ಕೆ ಮತ್ತೆ ಕೆಮ್ಮಿದ. ಒಂದು ವಾರದ ನಂತರ ಹೋದ.

ಚರ್ಚಿನ ಹಿಂದೆ ಅಪ್ಪನ ಬಾಜೂಕ್ಕೆ ಮಣ್ಣು ತೋಡಿದರು. ಅಷ್ಟು ಜನರನ್ನು ನಾನು ಆ ಜಾಗದಲ್ಲಿ ನೋಡಿರಲಿಲ್ಲ. ಕಂಡಕ್ಟರ ಬಸ್ಸನ್ನು ರಸ್ತೆಯ ಮೇಲೆ ನಿಲ್ಲಿಸಿ, ಒಳಗಿದ್ದವರನ್ನೂ ಇಳಿಸಿಕೊಂಡು ಬಂದಿದ್ದ. ಜೋಳದ ಹೊಲದಲ್ಲಿ ಅಡಗಿದವರು ಶಲವಡಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಉಪದೇಶಿಗಳು ಓದಬೇಕಾದದ್ದನ್ನು ನೆಟ್ಟಗೆ ಓದಿದರು, ದನಿ ಒಡೆಯಗೊಡಲಿಲ್ಲ. ಆಮೇಲೆ ರೂಢಿಯಂತೆ ಹೇಳಿದರು: "ಯಾರಾದರೂ ಪ್ರಾರ್ಥನೆ ಮಾಡಬಹುದು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರ ಪರವಾಗಿ ಮಾತಾಡುತ್ತಿದ್ದವನೇ ಮಲಗಿಬಿಟ್ಟರೆ ಅವನ ಪರವಾಗಿ ಯಾರು ಮಾತಾಡಬೇಕು?

ಬೇಲಿಯ ಹೊರಗೆ ನಿಂತಿದ್ದ ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಬಂದಳು. ಇಪ್ಪತ್ತು ವರ್ಷ ಚಪ್ಪಲಿ ಕಟ್ಟೆಯ ಮೇಲೆ ಕೂತವಳು, ಕೊರಳಲ್ಲಿ ಲಿಂಗದ ಕರಡಿಗೆ, ಸೀದಾ ಕುಣಿಯ ಅಂಚಿಗೆ ಬಂದು ನಿಂತಳು. ಉಪದೇಶಿಗಳು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಕೊಟ್ಟರು. ಅವಳಿಗೆ ಕಣ್ಣು ಮುಚ್ಚಬೇಕೆಂದು ಗೊತ್ತಿರಲಿಲ್ಲ. ಮೇಲೆ ನೋಡಿದಳು.

"ದೇವರಾ, ನಿನ್ನ ಹೆಂಗ ಕರೀಬೇಕಂತ ನನಗ ಗೊತ್ತಿಲ್ಲ. ಇಂವ ನನ್ನ ಮೈದುನ." ಆಮೇಲೆ ಅವನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು. "ಚರ್ಚಿನ ಓಣಿ, ಎಮ್ಮಿ ಕಟ್ಟಿದ ಮನಿ. ಉಣ್ಣೂ ಮುಂದ ಸಪ್ಪಳ ಮಾಡ್ತಾನ. ಒಗ್ಯಾಕ ಹಾಕೂ ಮುಂದ ಕಿಸೆ ಖಾಲಿ ಮಾಡಂಗಿಲ್ಲ. ನನಗ ಹಟಮಾರಿ ಅಂತಾನ, ತಾನು ನನಗಿಂತ ಹಟಮಾರಿ. ನಮ್ಮ ಸಲುವಾಗಿ ಮದವಿ ಆಗಲಿಲ್ಲ, ಯಾಕ ಅಂತ ಕೇಳಿದ್ರ ಹುಡುಗಿ ಸಿಗಲಿಲ್ಲ ಅಂತ ಸುಳ್ಳು ಹೇಳ್ತಾನ. ಇವನ ಸಲುವಾಗೂ ನೀ ಪ್ರಾಣ ಬಿಟ್ಟೀದಿಯಂತ. ಮರೀಬ್ಯಾಡ."

"ಆಮೆನ್" ಎಂದರು ಉಪದೇಶಿಗಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ.

ನಾನು ಅವನ ಹೆಸರು ಬರೆಯದಿರುವುದು ಅದಕ್ಕೇ. ಹೇಳಬೇಕಾದ ಕಡೆ ಅದನ್ನು ಹೇಳಿಯಾಗಿದೆ.

ಮೂರನೆಯ ದಿನ ಅವ್ವ ಅಂಗಿ ಒಗೆಯಲು ತೆಗೆದಳು. ಎಡಗಿಸೆಯಲ್ಲಿ ಹತ್ತೊಂಬತ್ತು ಕಾಳಿದ್ದವು, ಸರಿಸದೆ ಉಳಿದವು. ಯಾರು ಯಾರು ಎಂದು ನಮಗೆ ತಿಳಿಯುವಂತಿಲ್ಲ. ಎಮ್ಮೆ ಗೋಣು ಚಾಚಿತು, ಅವ್ವ ಅದಕ್ಕೆ ಕೊಡಲಿಲ್ಲ. ಈಗ ಪ್ರತಿ ರವಿವಾರ ಅವಳು ಕಟ್ಟೆಯ ಮೇಲೆ ಕೂತು, ಎಡಗೈಯಿಂದ ಬಲಗೈಗೆ ಒಂದೊಂದೇ ಸರಿಸುತ್ತಾಳೆ. ಹೆಸರು ಗೊತ್ತಿಲ್ಲ, ಪತ್ತೆ ಗೊತ್ತಿಲ್ಲ, ಖೋಡಿ ಗೊತ್ತಿಲ್ಲ. "ಇಂವನೂ" ಎನ್ನುತ್ತಾಳೆ. "ಇಕಿನೂ" ಎನ್ನುತ್ತಾಳೆ. ಹೋದ ವಾರ ನಾನು ಬಾಜೂಕ್ಕೆ ಕೂತು ಎಣಿಸಿದೆ. ಕೊನೆಯ ಕಾಳಿಗೆ ಅವಳು ಚರ್ಚಿನ ಹಿಂದೆ, ಕಾಕಾನ ಮಣ್ಣಿನ ಕಡೆ ನೋಡಿ "ಇಂವನೂ" ಎಂದಳು.

ಇಪ್ಪತ್ತಿದ್ದವು.